ದೂರದ ಓಟಗಾರನ ಆಹಾರದಲ್ಲಿ ಸಸಾರಜನಕ

ಮುಂಬಯಿಯಲ್ಲಿ 2004ರಲ್ಲಿ ಮ್ಯಾರಥಾನ್ ಓಟ ಆರಂಭವಾದ ಮೇಲೆ, ಮುಂಜಾನೆ ಮರೀನ್ ಡ್ರೈವಿನಲ್ಲಿ ಓಡುವವರ ಸಾಲಿಗೆ ಕಚೇರಿಗೆ ಹೋಗುವ ಸಾಮಾನ್ಯ ಗೃಹಸ್ಥರೂ ಸೇರಿಕೊಂಡಿದ್ದಾರೆ. 42 ಕಿಲೋಮೀಟರಿಗೂ ಮಿಕ್ಕ ಆ ದೂರಕ್ಕೆ ಅಣಿಯಾಗುವವನಿಗೆ ಮೊದಲು ದೊರೆಯುವ ಉಪದೇಶ, ಅನ್ನ ಬಿಡು, ಪ್ರೋಟೀನು ತಿನ್ನು ಎಂಬುದು. ಪ್ರೋಟೀನು ಎಂದರೆ ಸಸಾರಜನಕ. ಸ್ನಾಯುಗಳು ಅದರಿಂದಲೇ ಆದವು, ಓಡುವಾಗ ದುಡಿಯುವುದೂ ಸ್ನಾಯುಗಳೇ. ಆದ್ದರಿಂದ ಈ ಮಾತು ಸರಿಯೆಂದೇ ತೋರುತ್ತದೆ. ಆದರೆ ಉಪದೇಶದ ಉತ್ತರಾರ್ಧ ತಕ್ಕಮಟ್ಟಿಗೆ ನಿಜ, ಪೂರ್ವಾರ್ಧ ಅಪಾಯಕರ.

ಈ ತರ್ಕ ಹೊಸದಲ್ಲ. ಸ್ನಾಯುವಿನ ದುಡಿಮೆಗೆ ಸ್ನಾಯುವಿನ ಸಸಾರಜನಕವೇ ಇಂಧನವೆಂದು ಜರ್ಮನಿಯ ರಸಾಯನಶಾಸ್ತ್ರಜ್ಞ ಲೀಬಿಗ್ 1840ರ ದಶಕದಲ್ಲಿಯೇ ಸಾರಿದ್ದನು. ಅದನ್ನು ಒರೆಗೆ ಹಚ್ಚಿದವರು ಜೂರಿಕ್ ನಗರದ ಇಬ್ಬರು ಪ್ರಾಧ್ಯಾಪಕರು, ಫಿಕ್ ಮತ್ತು ವಿಸ್ಲಿಸೇನುಸ್. 1865ರ ಆಗಸ್ಟಿನಲ್ಲಿ ಅವರು ಆಲ್ಪ್ಸ್ ಪರ್ವತಶ್ರೇಣಿಯ ಫೌಲ್‌ಹಾರ್ನ್ ಶಿಖರವನ್ನು ಏರಿದರು. ಏರಿದ ಎತ್ತರ ಸುಮಾರು 1,950 ಮೀಟರು. ಹಿಂದಿನ ದಿನದ ಮಧ್ಯಾಹ್ನದಿಂದಲೇ ಅವರು ಸಸಾರಜನಕವನ್ನು ವರ್ಜಿಸಿ, ಕೊಬ್ಬಿನಲ್ಲಿ ಕರಿದ ಪಿಷ್ಟದ ಬಿಲ್ಲೆಗಳನ್ನು ತಿಂದಿದ್ದರು. ಮೂತ್ರದೊಡನೆ ಹೊರಬಿದ್ದ ಸಾರಜನಕವನ್ನು ಅಳೆದಾಗ, ದೇಹದಲ್ಲಿ ಉರಿದ ಸಸಾರಜನಕ ತಲಾ ಸುಮಾರು 37 ಗ್ರಾಂ ಮಾತ್ರವೆಂದು ಕಂಡುಬಂದಿತು. ಅಷ್ಟರಿಂದ ದೊರೆಯಬಹುದಾದ ಶಕ್ತಿ 150 ಕಿಲೋಕ್ಯಾಲೊರಿ. 66 ಕಿಲೋ ತೂಕದ ಫಿಕ್ ತನ್ನ ಮೈಭಾರವನ್ನು ಆ ಎತ್ತರಕ್ಕೆ ಒಯ್ಯುವ ಕೆಲಸ ಒಂದಕ್ಕೇ 300 ಬೇಕು! ಉಳಿದುದು ಪಿಷ್ಟ, ಕೊಬ್ಬುಗಳಿಂದಲೇ ಬಂದಿರಬೇಕಷ್ಟೆ.

ಹಾಗೆಂದು ಸಸಾರಜನಕವನ್ನು ಕಡೆಗಣಿಸುವಂತಿಲ್ಲ. ದೀರ್ಘಕಾಲದ ಓಟದಲ್ಲಿ ಅಲ್ಪಪಾಲು ಶಕ್ತಿ ಅಮೈನೋ ಆಮ್ಲಗಳ ದಹನದಿಂದಲೂ ಬರುತ್ತದೆ. ಜೊತೆಗೆ ದಣಿದ ಸ್ನಾಯುಗಳ ದುರಸ್ತಿಯೂ ನಡೆಯಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ವಯಸ್ಕರಿಗೆ ಸೂಚಿಸಿದ ಪ್ರಮಾಣ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ. ದೂರದ ಓಟವನ್ನು ಕ್ರಮವಾಗಿ ಅಭ್ಯಾಸ ಮಾಡುವವನಿಗೆ 1.2ರಿಂದ 1.4 ಗ್ರಾಂ ಬೇಕು. ಬಹು ಕಠಿಣ ಅಭ್ಯಾಸವಿದ್ದರೆ ಇನ್ನೂ ತುಸು ಹೆಚ್ಚು. ವಾರಕ್ಕೆ ಮೂರು ದಿನ ಅರ್ಧ ಗಂಟೆ ಓಡಿ ಬರುವವನು ಈ ಲೆಕ್ಕಕ್ಕೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

60 ಕಿಲೋ ತೂಕದ ಓಟಗಾರನಿಗೆ ಇದು 72ರಿಂದ 84 ಗ್ರಾಂ ಆಗುತ್ತದೆ. ದಿನಕ್ಕೆ ಕಾಲು ಕಿಲೋ ಅಕ್ಕಿಯಿಂದ ಸುಮಾರು 18 ಗ್ರಾಂ, 150 ಗ್ರಾಂ ಗೋಧಿಹಿಟ್ಟಿನಿಂದ 16, 80 ಗ್ರಾಂ ತೊಗರಿ, ಹೆಸರು, ಹುರುಳಿಗಳಿಂದ 18, ಅರ್ಧ ಲೀಟರು ಹಾಲು ಮೊಸರಿನಿಂದ 16, ಒಂದು ಹಿಡಿ ಶೇಂಗಾದಿಂದ 7: ಒಟ್ಟು 75. ಡಬ್ಬಿಯ ಪುಡಿಯ ಗೊಡವೆಯೇ ಇಲ್ಲ. ಅಕ್ಕಿ ಗೋಧಿಗಳಲ್ಲಿ ಕೊರತೆಯಿರುವ ಲೈಸೀನ್ ಎಂಬ ಅಮೈನೋ ಆಮ್ಲ ಬೇಳೆಗಳಲ್ಲಿ ಹೇರಳವಾಗಿರುವುದರಿಂದ ಹುಳಿಯನ್ನ ಒಳ್ಳೆಯ ಜೋಡಿಯೇ ಸರಿ. ಆದರೆ ಖಾನಾವಳಿಯ ನೀರುಸಾರಿನಲ್ಲಿ ಬೇಳೆಯನ್ನು ದುರ್ಬೀನು ಹಿಡಿದು ಹುಡುಕಬೇಕು. ಅಲ್ಲಿ ಉಣ್ಣುವ ಒಂಟಿ ತರುಣನು ಹಾಲು, ಕಾಳು, ಮೊಟ್ಟೆಗಳನ್ನು ತಾನೇ ಒದಗಿಸಿಕೊಳ್ಳುವುದು ಅಗತ್ಯ. ಒಂದು ಮೊಟ್ಟೆಯಲ್ಲಿ 6 ಗ್ರಾಂ ಇರುತ್ತದೆ.

ಇನ್ನು ಅನ್ನ ಬಿಡುವ ಮಾತು. ಉಂಡ ಪಿಷ್ಟವು ಸ್ನಾಯುಗಳಲ್ಲಿಯೂ ಪಿತ್ತಜನಕಾಂಗದಲ್ಲಿಯೂ ಗ್ಲೈಕೋಜನ್ ರೂಪದಲ್ಲಿ ಸಂಗ್ರಹವಾಗುತ್ತದೆ. ಈ ಕಣಜ ಬರಿದಾದಂತೆ ದೇಹವು ಸಸಾರಜನಕವನ್ನು ಹೆಚ್ಚು ಹೆಚ್ಚಾಗಿ ಸುಡತೊಡಗುತ್ತದೆ. ಅಂದರೆ ಅನ್ನ ಬಿಟ್ಟು ಪುಡಿ ಕುಡಿದವನು, ದುರಸ್ತಿಗೆಂದು ತಂದ ತೊಲೆಯನ್ನು ಒಲೆಗೆ ಹಾಕಿದಂತೆ! ತೂಕ ಇಳಿಸುವ ಹಂಬಲದಿಂದ ಒಟ್ಟು ಆಹಾರವನ್ನೇ ಕಡಿಮೆ ಮಾಡಿ ಓಡುವ ತರುಣಿಯರಲ್ಲಿ ಮುಟ್ಟು ನಿಂತು ಮೂಳೆಗಳು ದುರ್ಬಲವಾಗುವುದುಂಟು. ಇದನ್ನು ಅಭ್ಯಾಸದ ಆಯಾಸವೆಂದು ತಳ್ಳಿಹಾಕದೆ ವೈದ್ಯರಲ್ಲಿಗೆ ಹೋಗಬೇಕು. ಮೂತ್ರಪಿಂಡದ ರೋಗವಿರುವವರು ವೈದ್ಯರನ್ನು ಕೇಳದೆ ಸಸಾರಜನಕವನ್ನು ಹೆಚ್ಚಿಸಲೇಬಾರದು.

ದೀರ್ಘ ಓಟದಿಂದ ಮರಳಿದವನು ಒಂದೆರಡು ಗಂಟೆಗಳೊಳಗೆ 20 ಗ್ರಾಂನಷ್ಟು ಸಸಾರಜನಕವನ್ನು ಪಿಷ್ಟದೊಡನೆ ಸೇವಿಸುವುದು ಲೇಸು. ನಾಲ್ಕು ಇಡ್ಲಿ, 50 ಗ್ರಾಂ ಹೆಸರುಕಾಳಿನ ಉಸಳಿ, ದೊಡ್ಡದೊಂದು ಲೋಟ ಹಾಲು ಅದಕ್ಕೆ ಸಾಕು.