ಕೆರೆಯ ಕಪ್ಪೆಚಿಪ್ಪುಗಳ ಸಂರಕ್ಷಣೆ

ಹರಿಹರ ತಾಲ್ಲೂಕಿನ ಕೊಂಡಜ್ಜಿಯಂತಹ ಕೆರೆಯುಳ್ಳ ಗ್ರಾಮಗಳಲ್ಲಿ ನೀರು, ಹೂಳು, ಮೀನು ಇವುಗಳ ಬೆಲೆಯನ್ನು ಎಲ್ಲರೂ ಬಲ್ಲರು. ಕೆಸರಿನಲ್ಲಿ ಅರ್ಧ ಹುದುಗಿ ಬಾಳುವ ಕಪ್ಪೆಚಿಪ್ಪನ್ನು ಲೆಕ್ಕಕ್ಕೆ ಹಿಡಿಯುವವರು ಮಾತ್ರ ವಿರಳ. ಈಗ ಸಿಹಿನೀರಿನ ಮುತ್ತಿನ ಕೃಷಿಯಿಂದ ಇದಕ್ಕೂ ಬೆಲೆ ಬಂದಿರುವುದು. ಆ ಕೃಷಿಗೆ ಬೇಕಾದ ಜೀವಂತ ಚಿಪ್ಪುಗಳನ್ನು ಬಹುಮಟ್ಟಿಗೆ ಕೆರೆ ಹೊಳೆಗಳಿಂದಲೇ ಆಯ್ದು ತರುವರು. ಆದಕಾರಣ ಮಿತಿಯಿಲ್ಲದೆ ಆಯಲು ಬಿಟ್ಟರೆ ಆಗತಕ್ಕ ನಷ್ಟವನ್ನು ಜಮೀನುದಾರರೂ ಊರ ಮುಖಂಡರೂ ಮೊದಲೇ ಅರಿತಿರುವುದು ಅವಶ್ಯಕ.

ಉಪಯೋಗ.— ಚಿಪ್ಪಿನೊಳಗಿನ ಪ್ರಾಣಿಯು ನೀರನ್ನು ಒಳಕ್ಕೆಳೆದುಕೊಂಡು, ಅದರಲ್ಲಿರುವ ಸೂಕ್ಷ್ಮ ಪಾಚಿಯನ್ನೂ ಕೊಳೆತ ಕಣಗಳನ್ನೂ ಕಿವಿರುಗಳಿಂದ ಸೋಸಿ ತಿಂದು, ತಿಳಿಯಾದ ನೀರನ್ನು ಹೊರಕ್ಕೆ ಬಿಡುವುದು. ಕೂಲಿಯಿಲ್ಲದೆ ನಡೆಯುವ ಈ ಕೆಲಸದಿಂದ ಕೆರೆಯ ನೀರು ಹಸುರುಗಟ್ಟುವುದು ಕಡಿಮೆಯಾಗುವುದು.

ಸಂತಾನ.— ತಾಯಿಚಿಪ್ಪು ಮೊಟ್ಟೆಗಳನ್ನು ತನ್ನ ಕಿವಿರುಗಳಲ್ಲಿಯೇ ಕಾಪಾಡಿ ಮರಿಗಳನ್ನು ನೀರಿಗೆ ಬಿಡುವುದು. ಅವು ಮೀನಿನ ಕಿವಿರಿಗಾಗಲಿ ಈಜುರೆಕ್ಕೆಗಾಗಲಿ ಅಂಟಿಕೊಂಡು ಕೆಲಕಾಲ ಬೆಳೆದು, ಅನಂತರ ಕೆಸರಿಗೆ ಉದುರಿ ಬಾಳುವುವು. ಮೀನಿಲ್ಲದ ಕೆರೆಯಲ್ಲಿ ಇವುಗಳ ವಂಶವು ಮುಂದುವರಿಯಲಾರದು.

ಕಡಲತೀರದ ಅನುಭವ.— ಕಡಲಿನ ಚಿಪ್ಪುಗಳ ಜಾತಿ ಬೇರೆಯಾದರೂ ಅಲ್ಲಿಯ ಪಾಠವು ಕೆರೆಗೂ ಸಲ್ಲುವುದು. ಕೇರಳದ ಕೊಲ್ಲಂ ಬಳಿಯ ಅಷ್ಟಮುಡಿ ಹಿನ್ನೀರಿನಲ್ಲಿ 1980ರ ದಶಕದಿಂದ ಹೊರದೇಶದ ಬೇಡಿಕೆ ಹೆಚ್ಚಿ, 1993ರ ವೇಳೆಗೆ ಫಸಲು ಇಳಿಯಿತು. ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಚಿಪ್ಪಿನ ಬೆಳವಣಿಗೆಯನ್ನೂ ಸಂತಾನಕಾಲವನ್ನೂ ಪರೀಕ್ಷಿಸಿದರು. ಡಿಸೆಂಬರಿನಿಂದ ಫೆಬ್ರವರಿಯವರೆಗೆ ಆಯುವುದನ್ನು ನಿಲ್ಲಿಸಲಾಯಿತು. ಮರಿಗಳು ಉಳಿಯುವಂತೆ ಬಲೆಯ ಕಣ್ಣಿಗೆ ಅಳತೆಯನ್ನು ಗೊತ್ತುಪಡಿಸಲಾಯಿತು. ಯಂತ್ರದಿಂದ ಬಾಚುವುದು ನಿಷಿದ್ಧವಾಯಿತು. ಫಸಲು ಚೇತರಿಸಿಕೊಂಡಿತು. 2014ರಲ್ಲಿ ಆ ಮೀನುಗಾರಿಕೆಗೆ, ಭಾರತದಲ್ಲಿಯೇ ಮೊದಲನೆಯದಾಗಿ, ಸುಸ್ಥಿರ ಮೀನುಗಾರಿಕೆಯ ಅಂತರರಾಷ್ಟ್ರೀಯ ಪ್ರಮಾಣಪತ್ರವು ದೊರೆಯಿತು.

ಗ್ರಾಮಸ್ಥರು ಅನುಸರಿಸತಕ್ಕ ಕ್ರಮಗಳು.—

1. ಕೆರೆಯ ಒಂದು ಭಾಗವನ್ನು ಮೀಸಲಿಟ್ಟು, ಅಲ್ಲಿ ಚಿಪ್ಪುಗಳನ್ನು ಮುಟ್ಟಕೂಡದು.

2. ಉಳಿದೆಡೆ ದೊಡ್ಡವನ್ನು ಮಾತ್ರ ಕೈಯಿಂದ ಆಯ್ದು, ಸಣ್ಣವನ್ನು ಆಗಿಂದಾಗಲೇ ನೀರಿಗೆ ಬಿಡತಕ್ಕದ್ದು.

3. ಹೂಳೆತ್ತುವಾಗ ಅಂಗಳವನ್ನೆಲ್ಲ ಒಂದೇ ಬೇಸಿಗೆಯಲ್ಲಿ ಬಗೆಯದೆ ಭಾಗ ಭಾಗವಾಗಿ ತೆಗೆಯುವುದು ಮೇಲು. ಮಣ್ಣಿನೊಡನೆ ಬಂದ ಜೀವಂತ ಚಿಪ್ಪುಗಳನ್ನು ಉಳಿದ ನೀರಿಗೆ ಸೇರಿಸತಕ್ಕದ್ದು.

4. ಕೀಟನಾಶಕದ ಡಬ್ಬಗಳನ್ನೂ ಸಿಂಪರಣೆಯ ಯಂತ್ರಗಳನ್ನೂ ಕೆರೆಯಲ್ಲಿ ತೊಳೆಯಕೂಡದು. ಈ ಪ್ರಾಣಿಯು ನೀರಿನ ವಿಷವನ್ನು ಮೈಯಲ್ಲಿ ಕೂಡಿಟ್ಟುಕೊಳ್ಳುವುದರಿಂದ, ಚರಂಡಿಯ ನೀರು ಸೇರುವ ಕೆರೆಯ ಚಿಪ್ಪಿನ ಮಾಂಸವನ್ನು ತಿನ್ನಕೂಡದು.

5. ಮೀನನ್ನು ಗುತ್ತಿಗೆಗೆ ಕೊಡುವಾಗ ಈ ನಿಬಂಧನೆಗಳನ್ನು ಕರಾರುಪತ್ರದಲ್ಲಿ ಬರೆಸುವುದು ಯುಕ್ತ.

ಹೊರಗಿನ ವ್ಯಾಪಾರಿಯು ಒಂದು ದಿನದಲ್ಲಿ ಚೀಲಗಳಿಗೆ ತುಂಬಿಕೊಂಡು ಹೋಗುವ ಚಿಪ್ಪುಗಳು ಕೆರೆಯು ಹಲವು ವರ್ಷಗಳಲ್ಲಿ ಬೆಳೆಸಿದವು. ಬಿತ್ತನೆಯ ಕಾಳನ್ನು ಮಾರಿಕೊಂಡ ರೈತನಿಗೆ ಮುಂಗಾರಿನಲ್ಲಿ ಆಗುವ ಕಷ್ಟವೇ ಚಿಪ್ಪನ್ನೆಲ್ಲ ಮಾರಿಕೊಂಡ ಊರಿಗೂ ಆಗುವುದು. ಬಿತ್ತನೆಯ ಕಾಳನ್ನಾದರೂ ನೆರೆಯವರಿಂದ ಕಡ ತರಬಹುದು. ಬರಿದಾದ ಕೆರೆಗೆ ಕಡ ಕೊಡುವವರು ದೊರೆಯರು.