ಜಗಳಗಂಟಿ ಸದಸ್ಯೆಗೂ ಸಂಘದಲ್ಲಿ ಜಾಗವಿದೆಯೇ?

(ಈ ತಿಂಗಳ ಸಭೆಯ ಪಾಠ. ಒಬ್ಬರು ಗಟ್ಟಿಯಾಗಿ ಓದಿ, ಉಳಿದವರು ಕೇಳಿರಿ. ಕೊನೆಯ ಪ್ರಶ್ನೆಗಳನ್ನು ಎಲ್ಲರೂ ಸೇರಿ ಚರ್ಚಿಸಿರಿ.)



ನಾವು ಸಂಘಗಳ ಭೇಟಿಗೆ ಬಂದಾಗ ಒಂದು ದೂರು ಎಲ್ಲಾ ಊರಿನಲ್ಲೂ ಕೇಳಿಬರುತ್ತದೆ. "ಸಿಸ್ಟರ್, ಉಳಿತಾಯ ಸರಿ ಇದೆ, ಪುಸ್ತಕ ಸರಿ ಇದೆ. ಆ ಒಬ್ಬಳದ್ದೇ ತಲೆನೋವು. ತೆಗೆದುಬಿಡೋಣ್ವಾ?" ಆಕೆ ಸಭೆಗೆ ತಡವಾಗಿ ಬರುತ್ತಾಳೆ, ಬಂದರೆ ಜಗಳ. ಕಂತು ಕೇಳಿದರೆ "ನಾನೇನು ಊರು ಬಿಟ್ಟು ಓಡಿ ಹೋಗ್ತೀನಾ?" ಅಂತ ಕೂಗುತ್ತಾಳೆ. ಇವರ ಮಾತು ಅವರಿಗೆ, ಅವರ ಮಾತು ಇವರಿಗೆ ಹೇಳಿ ಬೆಂಕಿ ಹಚ್ಚುತ್ತಾಳೆ.

ಇಂತಹವರಿಗೂ ಕರುಣೆ ತೋರಿಸಬೇಕೇ? ತೋರಿಸಿದರೆ ಸಂಘ ಉಳಿಯುತ್ತದೆಯೇ?

ಸಾಲದ ಸಾಮತಿ

ನಮ್ಮ ಸಂಘಗಳಲ್ಲಿ ಎಲ್ಲಾ ಧರ್ಮದ ಸಹೋದರಿಯರೂ ಇದ್ದೀರಿ. ಯೇಸುಸ್ವಾಮಿ ಹೇಳಿದ ಈ ಕಥೆ ಎಲ್ಲರಿಗೂ ಅರ್ಥವಾಗುತ್ತದೆ, ಏಕೆಂದರೆ ಇದು ಸಾಲದ ಕಥೆ. ಸಂತ ಮತ್ತಾಯನ ಶುಭಸಂದೇಶದ 18ನೇ ಅಧ್ಯಾಯದಲ್ಲಿದೆ. ಒಬ್ಬ ಸೇವಕ ರಾಜನಿಗೆ 10,000 ತಲಾಂತು ಸಾಲ ಕೊಡಬೇಕಿತ್ತು. ಒಂದು ತಲಾಂತು ಎಂದರೆ ಸುಮಾರು 6,000 ದಿನದ ಕೂಲಿ. ಲೆಕ್ಕ ಹಾಕಿ ನೋಡಿ, 6 ಕೋಟಿ ದಿನದ ಕೂಲಿ! ಏಳು ಜನ್ಮ ದುಡಿದರೂ ತೀರದು. ಅವನು ಕಾಲಿಗೆ ಬಿದ್ದ. ರಾಜ ಅಷ್ಟನ್ನೂ ಬಿಟ್ಟುಕೊಟ್ಟ. ಅದೇ ಸೇವಕ ಹೊರಗೆ ಬಂದು, ತನಗೆ ಬರೀ 100 ದಿನದ ಕೂಲಿಯಷ್ಟು ಕೊಡಬೇಕಿದ್ದ ಜೊತೆಗಾರನ ಕುತ್ತಿಗೆ ಹಿಡಿದು ಸೆರೆಮನೆಗೆ ಹಾಕಿಸಿದ. ಅದನ್ನು ಕೇಳಿ ರಾಜ ಕೆಂಡವಾದ.

ದೇವರು ನಮ್ಮ ಎಷ್ಟೋ ತಪ್ಪುಗಳನ್ನು ಸಹಿಸಿದ್ದಾನೆ. ಗಂಡನ ಮನೆಯವರು, ಅಕ್ಕಪಕ್ಕದವರು, ಮಕ್ಕಳು ನಮ್ಮ ಸಿಡುಕನ್ನೂ ಸಹಿಸಿದ್ದಾರೆ. ಅದನ್ನು ಮರೆತರೆ ನಾವೂ ಆ ಸೇವಕನ ಹಾಗೆಯೇ.

"ಹಾಗಾದ್ರೆ ಸಾಲ ಮಾಫಿ ಮಾಡ್ಬೇಕಾ ಸಿಸ್ಟರ್?" ಎಂದು ಕೇಳುವಿರಿ. ಇಲ್ಲ. ರಾಜ ಬಿಟ್ಟದ್ದು ತನ್ನ ಸ್ವಂತ ಹಣ. ಸಂಘದ ಹಣ ಎಲ್ಲಾ ಸದಸ್ಯೆಯರ ಬೆವರು. ಒಬ್ಬರ ಮೇಲಿನ ಮರುಕದಿಂದ ಅದನ್ನು ಬಿಟ್ಟುಕೊಡುವ ಹಕ್ಕು ಅಧ್ಯಕ್ಷೆಗೂ ಇಲ್ಲ, ಪ್ರೇರಕಿಗೂ ಇಲ್ಲ. ಆದ್ದರಿಂದ ನಮ್ಮ ಸೂತ್ರ ಇದು: ಲೆಕ್ಕದಲ್ಲಿ ಕಟ್ಟುನಿಟ್ಟು, ಮಾತಿನಲ್ಲಿ ಕರುಣೆ. ಕಂತು ಕಡಿಮೆ ಮಾಡಬಹುದು, ಅವಧಿ ಹೆಚ್ಚಿಸಬಹುದು. ಅದನ್ನು ಸಭೆಯಲ್ಲಿ ನಿರ್ಣಯ ಮಾಡಿ ನಡಾವಳಿ ಪುಸ್ತಕದಲ್ಲಿ ಬರೆಯಿರಿ. ಆದರೆ ಆಕೆಯ ಮಾನ ಕಳೆಯುವ ಹಕ್ಕು ನಮಗಿಲ್ಲ.

ಬಾಗಿಲಲ್ಲಿ ನಿಂತು ಕೂಗುವುದು, ಗುಂಪಾಗಿ ಹೋಗಿ ಪಾತ್ರೆ-ಪಗಡೆ ಎತ್ತುವುದು ಬೇಡವೇ ಬೇಡ. ಸಾಲ ವಸೂಲಿಯ ಕಿರುಕುಳದಿಂದ ಬಡ ಕುಟುಂಬಗಳು ಎಷ್ಟು ನೊಂದವೆಂದರೆ, ಮೈಕ್ರೋಫೈನಾನ್ಸ್ ಕಂಪೆನಿಗಳ ದಬ್ಬಾಳಿಕೆ ತಡೆಯಲು ಕರ್ನಾಟಕ ಸರಕಾರ 2025ರಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಹೊರಗಿನವರು ಮಾಡಿದರೆ ತಪ್ಪು ಎನ್ನುವುದನ್ನು ನಾವು ನಮ್ಮ ಅಕ್ಕ-ತಂಗಿಗೆ ಮಾಡಬಹುದೇ?

ಮೂರು ಮೆಟ್ಟಿಲು

ಅದೇ 18ನೇ ಅಧ್ಯಾಯದಲ್ಲಿ ತಪ್ಪು ಮಾಡಿದವರನ್ನು ತಿದ್ದುವ ದಾರಿಯನ್ನೂ ಯೇಸುಸ್ವಾಮಿ ಕಲಿಸಿದ್ದಾರೆ.

1. ಮೊದಲು ಒಬ್ಬರೇ ಹೋಗಿ. ಸಭೆಯಲ್ಲಿ ಎಲ್ಲರೆದುರು ಎತ್ತಿ ಆಡಬೇಡಿ. ಮನೆಗೆ ಹೋಗಿ, ಕುಳಿತು, "ಏನಕ್ಕ, ಹೇಗಿದ್ದೀರಿ? ಮನೇಲಿ ಏನಾದ್ರೂ ತೊಂದರೆಯಾ?" ಎಂದು ಕೇಳಿ. ಕೂಗಾಟದ ಹಿಂದೆ ಕುಡುಕ ಗಂಡನೋ, ಕಾಯಿಲೆಯ ಮಗುವೋ, ಬೇರೆ ಕಡೆಯ ಬಡ್ಡಿ ಸಾಲವೋ ಇರಬಹುದು. ಅಲ್ಲಿ ಕೇಳಿದ್ದು ಅಲ್ಲಿಯೇ ಇರಲಿ.

2. ಆಗದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗಿ. ಆಕೆ ಗೌರವಿಸುವ ಹಿರಿಯರೊಬ್ಬರು ಜೊತೆಗಿರಲಿ. ಎರಡೂ ಕಡೆಯ ಮಾತು ಕೇಳಿ.

3. ಅದೂ ಆಗದಿದ್ದರೆ ಸಭೆಗೆ ತನ್ನಿ. ಆಕೆಗೂ ಮಾತಾಡಲು ಅವಕಾಶ ಕೊಟ್ಟು, ನಿಯಮದಂತೆ ತೀರ್ಮಾನಿಸಿ.

ಆಗಲೂ ಕೇಳದವರನ್ನು ಸುಂಕದವರಂತೆ ಎಣಿಸಿ ಎನ್ನುತ್ತದೆ ಶುಭಸಂದೇಶ. ಆದರೆ ಸುಂಕದವರನ್ನು ಯೇಸು ಹೇಗೆ ನಡೆಸಿಕೊಂಡರು? ಜಕ್ಕಾಯನನ್ನು ಹೆಸರು ಹಿಡಿದು ಕರೆದು, ಅವನ ಮನೆಗೇ ಹೋದರು. ಜನ ಗೊಣಗಿದರು. ಆ ಪ್ರೀತಿಗೆ ಕರಗಿದ ಜಕ್ಕಾಯ, ಮೋಸದಿಂದ ಪಡೆದದ್ದಕ್ಕೆ ನಾಲ್ಕು ಪಟ್ಟು ಹಿಂದಿರುಗಿಸುವುದಾಗಿ ಹೇಳಿದ. ನಿಯಮದಂತೆ ಒಬ್ಬಾಕೆ ಸಂಘ ಬಿಡಬೇಕಾಗಿ ಬಂದರೂ, ಬಾವಿಕಟ್ಟೆಯಲ್ಲಿ ಸಿಕ್ಕಾಗ ಮುಖ ತಿರುಗಿಸಬೇಡಿ.

ಇಷ್ಟವಿಲ್ಲದವರಿಗೂ ನಗುಮುಖ

ಫ್ರಾನ್ಸಿನ ಲಿಸ್ಯೂ ಊರಿನ ಸಂತ ತೆರೇಸಾ 1888ರಲ್ಲಿ, 15ನೇ ವಯಸ್ಸಿಗೆ ಮಠ ಸೇರಿದವರು. ಅಲ್ಲಿ ಒಬ್ಬ ಸಿಸ್ಟರ್ ಅವರಿಗೆ ಎಲ್ಲದರಲ್ಲೂ ಕಿರಿಕಿರಿ. ತೆರೇಸಾ ಆಕೆಗಾಗಿ ದಿನವೂ ಪ್ರಾರ್ಥಿಸಿದರು, ಕೈಲಾದ ಸಹಾಯ ಮಾಡಿದರು, ಕೆಟ್ಟ ಮಾತು ನಾಲಿಗೆಗೆ ಬಂದಾಗ ನಕ್ಕು ಸುಮ್ಮನಾದರು. ಕೊನೆಗೆ ಆ ಸಿಸ್ಟರೇ, ನನ್ನಲ್ಲಿ ನಿಮಗೆ ಅಷ್ಟು ಇಷ್ಟವಾದದ್ದೇನು ಎಂದು ಕೇಳಿದರಂತೆ! ಮನಸ್ಸಿಗೆ ಇಷ್ಟವಾದ ಮೇಲೆ ದಯೆ ತೋರಿಸೋಣ ಎಂದು ತೆರೇಸಾ ಕಾಯಲಿಲ್ಲ. ನಾವೂ ಕಾಯಬೇಕಿಲ್ಲ.

ಕರುಣೆ ಯಾವುದಲ್ಲ?

ಹೊಡೆತ ತಿಂದು ಸುಮ್ಮನಿರುವುದು ಕರುಣೆಯಲ್ಲ. ಗಂಡನ ಹಿಂಸೆಯನ್ನು "ಕ್ಷಮಿಸಿ ಸಹಿಸ್ಕೋ" ಅಂತ ಯಾರಿಗೂ ಬುದ್ಧಿ ಹೇಳಬೇಡಿ. ಕೌಟುಂಬಿಕ ಹಿಂಸೆಯಿಂದ ರಕ್ಷಣೆಗೆ 2005ರ ಕಾಯ್ದೆ ಇದೆ, 181 ಮಹಿಳಾ ಸಹಾಯವಾಣಿ ಇದೆ. ಹಣದ ದುರುಪಯೋಗವನ್ನು ಮುಚ್ಚಿಡುವುದೂ ಕರುಣೆಯಲ್ಲ. ಮುಚ್ಚಿಟ್ಟರೆ ತಪ್ಪು ಮಾಡಿದಾಕೆಯೂ ಕೆಡುತ್ತಾಳೆ, ಸಂಘವೂ ಒಡೆಯುತ್ತದೆ.

ಕೋಪದಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬಾರದು ಎಂದು ಹಿರಿಯರು ಹೇಳುತ್ತಾರೆ. ಕಟ್ಟದ ಕಂತನ್ನು ನಾಳೆ ಕಟ್ಟಬಹುದು. ಆಡಿದ ಮಾತನ್ನು ಹಿಂದಕ್ಕೆ ಪಡೆಯಲಾಗದು.

ಚರ್ಚೆಗೆ ಪ್ರಶ್ನೆಗಳು

1. ನಮ್ಮ ಸಂಘದಲ್ಲಿ ಜಗಳ ಬಂದಾಗ ಮೊದಲ ಮೆಟ್ಟಿಲನ್ನು ಹತ್ತುತ್ತೇವೆಯೇ, ನೇರ ಮೂರನೆಯದಕ್ಕೆ ಹಾರುತ್ತೇವೆಯೇ?
2. ಕಂತು ಕಟ್ಟಲಾಗದವರಿಗೆ ಅವಧಿ ಹೆಚ್ಚಿಸುವ ನಿಯಮ ನಮ್ಮಲ್ಲಿ ಇದೆಯೇ?
3. ಸಭೆಗೆ ಬರುವುದನ್ನೇ ಬಿಟ್ಟ ಸದಸ್ಯೆ ಯಾರಾದರೂ ಇದ್ದಾರೆಯೇ? ಏಕೆ ಬಿಟ್ಟರು?

ಈ ತಿಂಗಳ ಸಂಕಲ್ಪ: ಮುಂದಿನ ಸಭೆಯೊಳಗೆ, ನಮಗೆ ಸರಿಬಾರದ ಒಬ್ಬರ ಮನೆಗೆ ಹೋಗಿ ಬರೋಣ. ಕಂತಿನ ಮಾತು ಎತ್ತದೆ, ಅವರ ಕಷ್ಟಸುಖ ಕೇಳಿ ಬರೋಣ.