ಮೊದಲ ಹದಿನೈದು ದಿನ: ಒಂದನೇ ತರಗತಿ ಕಟ್ಟುವ ಬಗೆ

ಮೇ ಕೊನೆಯ ವಾರದ ಹೊತ್ತಿಗೆ ಚನ್ನಗಿರಿ ತಾಲ್ಲೂಕಿನ ತ್ಯಾವಣಿಗೆ ಸುತ್ತಿನ ಗದ್ದೆಗಳಲ್ಲಿ ಬೇಸಿಗೆ ಭತ್ತದ ಕೊಯ್ಲು ಮುಗಿದು ಕೂಳೆ ಉಳಿದಿರುತ್ತದೆ. ಜಗಳೂರಿನ ಕಡೆ ಮೆಕ್ಕೆಜೋಳ ಬಿತ್ತುವವರು ಹದ ಮಳೆಗೆ ಮುಗಿಲು ನೋಡುತ್ತಿರುತ್ತಾರೆ. ಸರ್ಕಾರಿ ಶಾಲೆಗಳು ತೆರೆಯುವುದೂ ಇದೇ ಹೊತ್ತಿಗೆ. ಈಚಿನ ವರ್ಷಗಳಲ್ಲಿ ರಾಜ್ಯದ ಶೈಕ್ಷಣಿಕ ವರ್ಷ ಮೇ 29ಕ್ಕೆ ಶುರುವಾಗುತ್ತಿದೆ. ಮೊದಲೆರಡು ದಿನ ಶಿಕ್ಷಕರ ಸಿದ್ಧತೆಗೆ ಹೋಗುತ್ತವೆ. ಆಮೇಲೆ ತಳಿರು ತೋರಣ, ಸಿಹಿಯೂಟ, ಪುಸ್ತಕ ವಿತರಣೆಯ ಪ್ರಾರಂಭೋತ್ಸವ. ಅದು ಒಂದು ದಿನದ ಕೆಲಸ, ಎಲ್ಲ ಕಡೆ ಚೆನ್ನಾಗಿಯೇ ನಡೆಯುತ್ತದೆ. ಕಷ್ಟವಿರುವುದು ಮರುದಿನದಿಂದ.

ಮೊದಲ ಹದಿನೈದು ದಿನಗಳಲ್ಲಿ ಒಂದನೇ ತರಗತಿಯ ಶಿಕ್ಷಕರ ಗುರಿ ಅಕ್ಷರವಲ್ಲ. ಇವತ್ತು ಬಂದ ಮಗು ನಾಳೆ ಯಾರೂ ಎಳೆದು ತರದೆ ತಾನಾಗಿ ಬರಬೇಕು. ಅದೊಂದು ಸಾಧ್ಯವಾದರೆ ಉಳಿದ ಕಲಿಕೆಗೆಲ್ಲ ದಾರಿಯಾಗುತ್ತದೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಒಬ್ಬಿಬ್ಬರೇ ಶಿಕ್ಷಕರಿರುವ ಕಿರಿಯ ಪ್ರಾಥಮಿಕ ಶಾಲೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಕ್ರಮ ಹೇಳುತ್ತಿದ್ದೇನೆ. ಹೊಸದಾಗಿ ಸೇರಿದ ಶಿಕ್ಷಕರಿಗೂ ಅತಿಥಿ ಶಿಕ್ಷಕರಿಗೂ ಇದು ಹೆಚ್ಚು ಉಪಯೋಗಕ್ಕೆ ಬಂದೀತು.

ಬಾಗಿಲು ತೆರೆದ ದಿನ

ಮೊದಲು ಕಟ್ಟಡ ನೋಡಿ. ಬೇಸಿಗೆ ರಜೆಯಲ್ಲಿ ಮುಚ್ಚಿದ್ದ ಕೊಠಡಿಯಲ್ಲಿ, ಅದರಲ್ಲೂ ಗದ್ದೆ ಬದಿಯ ಶಾಲೆಗಳ ಉಗ್ರಾಣ ಮತ್ತು ಶೌಚಾಲಯದಲ್ಲಿ, ಹಾವು ಚೇಳು ಸೇರಿಕೊಂಡಿರುವುದುಂಟು. ಹಗಲು ಬೆಳಕಿನಲ್ಲಿ, ಊರಿನ ಇಬ್ಬರು ದೊಡ್ಡವರನ್ನು ಜೊತೆಗಿಟ್ಟುಕೊಂಡು ಸಾಮಾನು ಸರಿಸಿ. ಈ ಕೆಲಸಕ್ಕೆ ಮಕ್ಕಳನ್ನು ಬಿಡಬೇಡಿ. ಹಂಚು ಸರಿದಿದೆಯೇ, ಗೋಡೆ ತೇವಕ್ಕೆ ಸ್ವಿಚ್‌ಬೋರ್ಡ್ ಷಾಕ್ ಹೊಡೆಯುತ್ತದೆಯೇ, ನೀರಿನ ತೊಟ್ಟಿಯ ತಳದಲ್ಲಿ ಪಾಚಿ ಕಟ್ಟಿದೆಯೇ ನೋಡಿ. ರಜೆಗೆ ಮುಂಚಿನ ಬಿಸಿಯೂಟದ ಅಕ್ಕಿ, ಬೇಳೆ ಉಳಿದಿದ್ದರೆ ಅಡುಗೆಯವರ ಜೊತೆ ಕೂತು ಜರಡಿ ಹಿಡಿಸಿ, ಹುಳು ಬಿದ್ದಿದ್ದನ್ನು ಅಳುಕದೆ ಬೇರ್ಪಡಿಸಿ.

ಆಮೇಲೆ ಕೊಠಡಿಯನ್ನು ಮಗುವಿನ ಎತ್ತರದಿಂದ ನೋಡಿ. ನೆಲದ ಮೇಲೆ ಕೂತೇ ನೋಡಬೇಕು. ದೊಡ್ಡವರ ಕಣ್ಣಿನ ಎತ್ತರಕ್ಕೆ ಅಂಟಿಸಿದ ಚಾರ್ಟು ಆರು ವರ್ಷದ ಮಗುವಿಗೆ ಗೋಡೆಯ ಬಣ್ಣವಿದ್ದಂತೆ. ಒಂದರಿಂದ ಮೂರನೇ ತರಗತಿಯವರು ಕಾರ್ಡುಗಳ ಮೂಲಕ ಕಲಿಯುವ ನಲಿಕಲಿ ಕೊಠಡಿಯ ಗೋಡೆಗೆ ಕೆಳಮಟ್ಟದಲ್ಲಿ ಕಪ್ಪುಹಲಗೆ ಬಳಿದಿರುವುದಕ್ಕೆ ಕಾರಣವಿದೆ: ಪ್ರತಿ ಮಗುವಿಗೂ ಗೀಚಲು ತನ್ನದೇ ಜಾಗ ಬೇಕು. ಅದರ ಬಣ್ಣ ಮಾಸಿದ್ದರೆ ಬೇರೆ ಅಲಂಕಾರಕ್ಕಿಂತ ಮೊದಲು ಅದಕ್ಕೇ ಬಣ್ಣ ಹೊಡೆಸಿ.

ಅಂದೇ ಸಂಜೆ ಅಂಗನವಾಡಿಗೆ ಹೋಗಿ ಬನ್ನಿ. ಇದನ್ನು ಬಹಳ ಜನ ಮಾಡುವುದಿಲ್ಲ, ನಷ್ಟ ಅವರಿಗೇ. ನಿಮ್ಮ ತರಗತಿಗೆ ಬರುವ ಬಹುತೇಕ ಮಕ್ಕಳನ್ನು ಅಂಗನವಾಡಿ ಕಾರ್ಯಕರ್ತೆ ಮೂರು ವರ್ಷದಿಂದ ಬಲ್ಲರು. ಯಾವ ಮಗುವಿಗೆ ಕಿವಿ ಮಂದ, ಯಾವುದಕ್ಕೆ ಫಿಟ್ಸ್ ಬರುತ್ತದೆ, ಯಾವುದು ಅಜ್ಜಿಯ ಜೊತೆ ಇದೆ, ಯಾವುದು ಗದ್ದಲಕ್ಕೆ ಹೆದರುತ್ತದೆ ಎಂಬುದು ಅವರಲ್ಲಿ ಅರ್ಧ ಗಂಟೆ ಕೂತರೆ ತಿಳಿಯುತ್ತದೆ. ಹೆಸರಿನ ಪಟ್ಟಿಯನ್ನೂ ಅಲ್ಲೇ ಬರೆದುಕೊಳ್ಳಿ. ಮಗು ಬರುವ ಮೊದಲೇ ಅದರ ಹೆಸರು ನಿಮ್ಮ ಬಾಯಲ್ಲಿರಬೇಕು.

ದಾಖಲಾತಿಯ ಕಾಗದಪತ್ರ

ಒಂದನೇ ತರಗತಿಗೆ ಜೂನ್ 1ಕ್ಕೆ 6 ವರ್ಷ ತುಂಬಿರಬೇಕೆಂಬುದು ರಾಜ್ಯದ ನಿಯಮ. 2025-26ನೇ ಸಾಲಿಗೆ ಮಾತ್ರ ಅದನ್ನು 5 ವರ್ಷ 5 ತಿಂಗಳಿಗೆ ಸಡಿಲಿಸಿದ್ದರು. ಜನನ ಪ್ರಮಾಣಪತ್ರ ಇಲ್ಲವೆಂಬ ಒಂದೇ ಕಾರಣಕ್ಕೆ ಮಗುವನ್ನು ವಾಪಸು ಕಳಿಸುವಂತಿಲ್ಲ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ 14ನೇ ಸೆಕ್ಷನ್ ಇದನ್ನು ನೇರವಾಗಿ ಹೇಳುತ್ತದೆ. ಬೇರೆ ಊರಿನಿಂದ ಬಂದ ಮಗುವಿನ ವರ್ಗಾವಣೆ ಪತ್ರ ತಡವಾದರೂ ಹಾಗೇ, 5ನೇ ಸೆಕ್ಷನ್ ನೋಡಿ. ಮೊದಲು ಮಗುವನ್ನು ಕೂರಿಸಿ. ಕಾಗದವನ್ನು ಆಮೇಲೆ ತರಿಸಿಕೊಳ್ಳಬಹುದು.

ಮೊದಲ ದಿನ, ಮೊದಲ ಗಂಟೆ

ಬಾಗಿಲಲ್ಲಿ ನಿಂತು ಪ್ರತಿ ಮಗುವನ್ನೂ ಹೆಸರು ಹಿಡಿದು ಕರೆಯಿರಿ. ಹೆಸರು ಬರೆದ, ಹೂವೋ ಹಕ್ಕಿಯೋ ಬಿಡಿಸಿದ ರಟ್ಟಿನ ಚೀಟಿಗಳನ್ನು ಮೊದಲೇ ಮಾಡಿಟ್ಟುಕೊಂಡು ಕೈಗೆ ಕೊಡಿ. ಗೋಡೆಯ ಮೊಳೆಗೆ ಅಥವಾ ದಾರಕ್ಕೆ ಮಗುವೇ ಅದನ್ನು ನೇತುಹಾಕಲಿ. ದಿನಾ ಬೆಳಿಗ್ಗೆ ಇದೇ ಹಾಜರಿ. ಓದಲು ಬಾರದ ಮಗು ವಾರ ಕಳೆಯುವುದರೊಳಗೆ ತನ್ನ ಹೆಸರಿನ ಆಕಾರ ಗುರುತಿಸುತ್ತದೆ. ಪಕ್ಕದ ಮೊಳೆ ಖಾಲಿ ಇದ್ದರೆ ‘ಇವತ್ತು ಅವನು ಬಂದಿಲ್ಲ’ ಎಂದು ತಾನೇ ಹೇಳುತ್ತದೆ. ಓದಿನ ಮೊದಲ ಪಾಠವೂ ಲೆಕ್ಕದ ಮೊದಲ ಪಾಠವೂ ಅಲ್ಲೇ ಆಗಿರುತ್ತವೆ.

ಅಳುವ ಮಗು ಇದ್ದೇ ಇರುತ್ತದೆ. ತಾಯಿಯನ್ನೋ ಅಜ್ಜಿಯನ್ನೋ ಒಂದೆರಡು ದಿನ ಒಳಗೇ ಕೂರಲು ಬಿಡಿ. ಅವರು ಕೂಲಿಗೆ ಹೋಗಬೇಕಿದ್ದರೆ ನಾಲ್ಕನೇ ಕ್ಲಾಸಿನ ಅಕ್ಕ ಪಕ್ಕದಲ್ಲಿ ಕೂತರೂ ಸಾಕು. ಬಾಗಿಲ ಚಿಲಕ ಹಾಕುವುದು, ‘ಅತ್ತರೆ ಪೊಲೀಸರಿಗೆ ಹಿಡ್ಕೊಡ್ತೀನಿ’ ಎನ್ನುವುದು, ‘ಅಮ್ಮ ಈಗ ಬರ್ತಾಳೆ’ ಎಂದು ಸುಳ್ಳು ಹೇಳುವುದು ಬೇಡವೇ ಬೇಡ. ಆ ವಯಸ್ಸಿಗೆ ಗಡಿಯಾರ ಗೊತ್ತಿಲ್ಲ, ಆದರೆ ಸರದಿ ಗೊತ್ತು. ‘ಹಾಡು ಆದಮೇಲೆ ಊಟ, ಊಟ ಆದಮೇಲೆ ಆಟ, ಆಟ ಆದಮೇಲೆ ಅಮ್ಮ’ ಎಂದು ಹೇಳಿ, ಹೇಳಿದ ಹಾಗೇ ನಡೆಸಿ. ಎರಡು ದಿನ ಮಾತು ಉಳಿಸಿಕೊಂಡರೆ ಮೂರನೇ ದಿನ ಮಗು ನಿಮ್ಮನ್ನು ನಂಬುತ್ತದೆ.

ಹೊಡೆತದ ವಿಷಯದಲ್ಲಿ ಚರ್ಚೆಗೆ ಜಾಗವೇ ಇಲ್ಲ. ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ‘ನಾಲ್ಕು ಬಾರಿಸಿ ಮೇಷ್ಟ್ರೇ’ ಎನ್ನುವ ತಂದೆಗೂ ಇದನ್ನು ಮೊದಲ ದಿನವೇ ತಿಳಿಸಿ.

ದಿನಚರಿಯೇ ಪಾಠ

ಒಂದನೇ ವಾರವನ್ನು ಪೂರ್ತಿ ದಿನಚರಿಗೆ ಕೊಡಿ. ಚಪ್ಪಲಿ ಸಾಲಾಗಿ ಬಿಡುವುದು, ಸ್ಲೇಟು ಎಲ್ಲಿಂದ ತೆಗೆದು ಎಲ್ಲಿಡಬೇಕು, ಮೂತ್ರಕ್ಕೆ ಹೋಗಬೇಕೆಂದರೆ ಹೇಗೆ ಹೇಳಬೇಕು, ಲೋಟವನ್ನು ಬಾಯಿಗೆ ಕಚ್ಚದೆ ನೀರು ಕುಡಿಯುವುದು, ಊಟಕ್ಕೆ ಮುಂಚೆ ಸೋಪು ಹಚ್ಚಿ ಕೈ ತೊಳೆಯುವುದು, ತಟ್ಟೆ ತೊಳೆದು ಬೋರಲು ಹಾಕುವುದು. ಹೇಳಿದರೆ ಇದಾವುದೂ ಬರುವುದಿಲ್ಲ, ಮಾಡಿ ತೋರಿಸಬೇಕು. ನೀವು ಮಾಡಿ, ಒಂದು ಮಗುವಿನಿಂದ ಮಾಡಿಸಿ, ಆಮೇಲೆ ಎಲ್ಲರಿಂದ ಮಾಡಿಸಿ. ದಿನಕ್ಕೆ ಎರಡೇ ಹೊಸ ಅಭ್ಯಾಸ ಸಾಕು. ಶೌಚಾಲಯಕ್ಕೆ ಕರೆದುಕೊಂಡು ಹೋಗಿ ಒಳಗಿನ ಕತ್ತಲು, ಚಿಲಕ, ನಲ್ಲಿ ಎಲ್ಲವನ್ನೂ ತೋರಿಸಿ. ಶೌಚಾಲಯಕ್ಕೆ ಹೆದರಿ ಬೆಳಗಿನಿಂದ ಮೂತ್ರ ತಡೆದುಕೊಂಡು ಕೂರುವ ಮಗು ನೀವು ಹೇಳುವ ಯಾವ ಕಥೆಯನ್ನೂ ಕೇಳಿಸಿಕೊಳ್ಳುವುದಿಲ್ಲ.

ಒಬ್ಬರೇ ಶಿಕ್ಷಕರಿರುವಲ್ಲಿ ಈ ವಾರದ ಬೆಲೆ ಇನ್ನೂ ಹೆಚ್ಚು. ನಲಿಕಲಿ ಕೊಠಡಿಯಲ್ಲಿ ಒಂದರಿಂದ ಮೂರನೇ ತರಗತಿಯವರು ಒಟ್ಟಿಗೆ ಕೂರುತ್ತಾರೆ. ನೀವು ಒಂದು ಗುಂಪಿನ ಜೊತೆ ಕೂತಾಗ ಉಳಿದ ಗುಂಪುಗಳು ತಾವಾಗಿ ಕೆಲಸ ಮಾಡಬೇಕು. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ರಿಷಿ ವ್ಯಾಲಿಯ ಶಾಲೆಗಳನ್ನು ನೋಡಿ ಬಂದು, ಯುನಿಸೆಫ್ ನೆರವಿನಿಂದ 1995ರಲ್ಲಿ ಈ ಪದ್ಧತಿ ಶುರುಮಾಡಿದ್ದೇ ಬಹುತರಗತಿ ಕೋಣೆಗಳ ಕಷ್ಟ ನೀಗಲು. 2009-10ರಲ್ಲಿ ಅದು ರಾಜ್ಯಕ್ಕೆಲ್ಲ ಹರಡಿತು. ಕಲಿಕೆಯ ಕಾರ್ಡನ್ನು ತಟ್ಟೆಯಿಂದ ತೆಗೆದು ಮತ್ತೆ ಅದೇ ತಟ್ಟೆಗೆ ಇಡುವ ಅಭ್ಯಾಸ ಜೂನ್‌ನಲ್ಲಿ ಕೂಡದಿದ್ದರೆ ಜುಲೈನಲ್ಲಿ ಇಡೀ ಪದ್ಧತಿ ಕುಸಿಯುತ್ತದೆ. ಎರಡು, ಮೂರನೇ ತರಗತಿಯ ಮಕ್ಕಳಿಗೆ ಒಂದೊಂದು ಹೊಸ ಮಗುವನ್ನು ಒಪ್ಪಿಸಿ. ಅವರಿಗೆ ಅದು ದೊಡ್ಡ ಹೆಮ್ಮೆ.

ಮನೆಯ ಮಾತಿಗೆ ಜಾಗ ಕೊಡಿ

ಈ ನಾಲ್ಕು ತಾಲ್ಲೂಕುಗಳಲ್ಲಿ ಮಗುವಿನ ಮನೆಯ ಮಾತನ್ನು ಮರೆತರೆ ಮಿಕ್ಕಿದ್ದೆಲ್ಲ ವ್ಯರ್ಥ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಸಂತ ಸೇವಾಲಾಲರ ಜನ್ಮಸ್ಥಳ. ಆ ಸುತ್ತಿನಲ್ಲಿ, ಚನ್ನಗಿರಿ ಹೊನ್ನಾಳಿಗಳಲ್ಲಿ ತಾಂಡಾಗಳು ಬಹಳ. ಅಲ್ಲಿನ ಮಗು ಮನೆಯಲ್ಲಿ ಲಂಬಾಣಿ ಆಡುತ್ತದೆ. ಊರೊಳಗೆ ಉರ್ದು ಆಡುವ ಮನೆಗಳಿವೆ. ಕನ್ನಡ ಆಡುವ ಮನೆಯ ಮಗುವಿಗೂ ಪುಸ್ತಕದ ಕನ್ನಡ ಹೊಸದೇ. ಇಂಥ ಮಗು ಮೊದಲ ವಾರ ಬಾಯಿ ಬಿಡದೆ ಕೂತರೆ ‘ದಡ್ಡ’ ಎಂದು ಬರೆದುಕೊಳ್ಳಬೇಡಿ. ಅದು ಕೇಳಿಸಿಕೊಳ್ಳುತ್ತಿದೆ.

ಶಿಕ್ಷಕರು ಲಂಬಾಣಿ ಪೂರ್ತಿ ಕಲಿಯಬೇಕಿಲ್ಲ. ಯಾಡಿ, ಪಾಣಿ, ಬಾಟಿ ಅಂದರೆ ಅಮ್ಮ, ನೀರು, ರೊಟ್ಟಿ. ಇಂಥ ಇಪ್ಪತ್ತು ಮೂವತ್ತು ಮಾತುಗಳನ್ನು ತಾಂಡಾದ ತಾಯಂದಿರಿಂದ ಕೇಳಿ ಬರೆದುಕೊಂಡರೆ ಮಗು ಹೊಟ್ಟೆನೋವು ಎಂದಾಗ ಗೊತ್ತಾಗುತ್ತದೆ. ಚಿತ್ರ ತೋರಿಸಿ ‘ನಿಮ್ಮನೇಲಿ ಇದಕ್ಕೇನಂತೀರಿ?’ ಎಂದು ಎಲ್ಲರನ್ನೂ ಕೇಳಿ, ಬಂದ ಮಾತುಗಳನ್ನೆಲ್ಲ ಒಪ್ಪಿ, ಕೊನೆಗೆ ಕನ್ನಡದ ಮಾತು ಸೇರಿಸಿ. ವಾರಕ್ಕೊಮ್ಮೆ ಒಬ್ಬ ಅಜ್ಜಿಯನ್ನು ಕರೆಸಿ ಅವರ ಮಾತಿನಲ್ಲೇ ಕಥೆ ಹೇಳಿಸಿ. ಖರ್ಚಿಲ್ಲದ ಈ ಕೆಲಸಕ್ಕೆ ಸಮನಾದ ಕಲಿಕಾ ಸಾಮಗ್ರಿ ನನಗೆ ಗೊತ್ತಿಲ್ಲ.

ಅಕ್ಷರ ಯಾವಾಗ?

ಎರಡನೇ ವಾರ ಕಳೆದ ಮೇಲೆ. ಅಲ್ಲಿಯವರೆಗೆ ಹಾಡು, ಕಥೆ, ಜೋಳದ ಕಾಳು ಹುಣಸೆ ಬೀಜ ಎಣಿಸುವುದು, ಮಣ್ಣಿನಲ್ಲಿ ಗೆರೆ ಎಳೆಯುವುದು, ಬೆಳಿಗ್ಗೆ ಹೊರಗೆ ನೋಡಿ ಹವಾಮಾನ ನಕ್ಷೆಯಲ್ಲಿ ಮೋಡವೋ ಮಳೆಯೋ ಗುರುತು ಹಾಕುವುದು. ರಾಷ್ಟ್ರೀಯ ಮಟ್ಟದಲ್ಲಿ 2021ರ ಜುಲೈನಲ್ಲಿ ಬಿಡುಗಡೆಯಾದ ‘ವಿದ್ಯಾ ಪ್ರವೇಶ’ ಕಾರ್ಯಕ್ರಮ ಇಂಥ ಆಟದ ಸಿದ್ಧತೆಗೆ ಮೂರು ತಿಂಗಳನ್ನೇ ಇಟ್ಟಿದೆ. ಹೀಗಿರುವಾಗ ಹದಿನೈದು ದಿನ ಹೆಚ್ಚಲ್ಲ.

ಪೋಷಕರಿಗೆ ಇನ್ನೊಂದು ಮಾತು ಬಿಡಿಸಿ ಹೇಳಬೇಕಾಗುತ್ತದೆ. ಅ ಆ ಇ ಈ ಬಿಟ್ಟು ಶಾಲೆಯಲ್ಲಿ ರ ಗ ಸ ದ ಅ ಕಲಿಸುತ್ತಾರೆ ಎಂದು ಬೇಸರಪಡುವವರು ಇಂದಿಗೂ ಇದ್ದಾರೆ. ಈ ಐದು ಅಕ್ಷರ ಬಂದರೆ ಮಗು ಸರ, ದರ, ಅರಸ, ಗರಗಸ ಓದುತ್ತದೆ. ಸ್ವರಗಳನ್ನೆಲ್ಲ ಬಾಯಿಪಾಠ ಮಾಡಿದ ಮಗು ಇನ್ನೂ ಒಂದು ಪದವನ್ನೂ ಓದಿರುವುದಿಲ್ಲ. ಇದನ್ನು ಪೋಷಕರ ಸಭೆಯಲ್ಲಿ ಹಲಗೆಯ ಮೇಲೆ ಬರೆದೇ ತೋರಿಸಿ. ಒಂದು, ಎರಡನೇ ತರಗತಿಗೆ ಮನೆಗೆಲಸ ಕೊಡುವಂತಿಲ್ಲ, ಅವರ ಚೀಲ 2 ಕೆ.ಜಿ. ಮೀರುವಂತಿಲ್ಲ ಎಂಬ 2019ರ ರಾಜ್ಯದ ಆದೇಶವನ್ನೂ ಹೇಳಿ. ‘ಹೋಂವರ್ಕ್ ಇಲ್ಲದ ಶಾಲೆ ಎಂಥ ಶಾಲೆ’ ಎಂಬ ಮಾತಿಗೆ ಅದು ಉತ್ತರವಾಗುತ್ತದೆ.

ಒಬ್ಬಿಬ್ಬರೇ ಶಿಕ್ಷಕರಿರುವಲ್ಲಿ ನಾಲ್ಕು, ಐದನೇ ತರಗತಿಯ ಹೊಣೆಯೂ ನಿಮ್ಮದೇ. ಅವರಿಗೆ ಈ ಹೊತ್ತಿನಲ್ಲಿ ಹಿಂದಿನ ತರಗತಿಯ ಕಲಿಕೆಯ ಕೊರತೆ ತುಂಬುವ ಸೇತುಬಂಧ. ನೈದಾನಿಕ ಪರೀಕ್ಷೆಯ ಅಂಕಪಟ್ಟಿ ತುಂಬಿಸಿ ಮುಗಿಸಬೇಡಿ. ಪ್ರತಿ ಮಗುವನ್ನೂ ಪಕ್ಕಕ್ಕೆ ಕೂರಿಸಿಕೊಂಡು ನಾಲ್ಕು ಸಾಲು ಓದಿಸಿ, ದಶಕ ಕಳೆಯುವ ಒಂದು ಲೆಕ್ಕ ಮಾಡಿಸಿ. ಎಲ್ಲಿ ತಡವರಿಸಿತೋ ಅಷ್ಟನ್ನು ಗುರುತು ಮಾಡಿಕೊಂಡರೆ ಜೂನ್‌ನ ಕೆಲಸ ಸ್ಪಷ್ಟವಾಗುತ್ತದೆ.

ಪೋಷಕರ ಸಭೆ, ಆಮೇಲಿನ ಹಾಜರಿ

ಸಭೆಯನ್ನು ಹಗಲು ಹನ್ನೊಂದಕ್ಕೆ ಕರೆದರೆ ಗದ್ದೆಗೆ ಹೋದವರು ಬರುವುದಿಲ್ಲ. ಸಂಜೆ, ತಾಂಡಾದಲ್ಲೇ ಅಥವಾ ಹಟ್ಟಿಯಲ್ಲೇ, ಸೇವಾಲಾಲ್ ಗುಡಿಯ ಕಟ್ಟೆಯ ಮೇಲೋ ಊರ ಅರಳಿಕಟ್ಟೆಯ ಮೇಲೋ ಸೇರಿಸಿ. ಶಾಲಾಭಿವೃದ್ಧಿ ಸಮಿತಿಯ ಸದಸ್ಯರೇ ಮನೆಮನೆಗೆ ಹೇಳಿ ಬರಲಿ. ಸಭೆಯಲ್ಲಿ ಮಕ್ಕಳ ತಪ್ಪು ಎತ್ತಬೇಡಿ. ಪ್ರತಿ ಮಗುವಿನ ಬಗ್ಗೆಯೂ ಒಂದು ಒಳ್ಳೆಯ ಸಂಗತಿ ಹೇಳಿ, ಆಮೇಲೆ ಮೂರೇ ಕೇಳಿಕೆ ಇಡಿ: ದಿನಾ ಕಳಿಸಿ, ಹೊತ್ತಿಗೆ ಕಳಿಸಿ, ಸಂಜೆ ‘ಇವತ್ತು ಏನು ಕಥೆ ಕೇಳಿದೆ’ ಎಂದು ವಿಚಾರಿಸಿ.

ಹಾಜರಿ ಎಲ್ಲಿ ಮುರಿಯುತ್ತದೆ ಎಂಬುದು ಈ ಸೀಮೆಯಲ್ಲಿ ಮೊದಲೇ ಗೊತ್ತಿರುವ ವಿಷಯ. ಭದ್ರಾ ನಾಲೆಗೆ ನೀರು ಬಿಟ್ಟು ನಾಟಿ ಶುರುವಾದಾಗ ದೊಡ್ಡ ಹುಡುಗಿಯರು ತಮ್ಮ ತಂಗಿಯರನ್ನು ನೋಡಿಕೊಳ್ಳಲು ಮನೆಯಲ್ಲಿ ಉಳಿಯುತ್ತಾರೆ. ಅಡಿಕೆ ಸುಲಿಯುವ ಕಾಲಕ್ಕೆ ಚನ್ನಗಿರಿ ಕಡೆಯ ಮನೆಗಳಲ್ಲಿ ರಾತ್ರಿ ಬಹಳ ಹೊತ್ತು ಕೆಲಸ ನಡೆದು ಬೆಳಿಗ್ಗೆ ಮಕ್ಕಳು ಏಳುವುದಿಲ್ಲ. ಸುಗ್ಗಿ ಮುಗಿದ ಮೇಲೆ ತಾಂಡಾಗಳಿಂದ, ಜಗಳೂರಿನ ಒಣಭೂಮಿಯ ಊರುಗಳಿಂದ ಕುಟುಂಬಗಳು ಕಾಫಿ ತೋಟಗಳಿಗೆ ಗುಳೆ ಹೋಗುತ್ತವೆ. ಜೂನ್‌ನಲ್ಲೇ ಈ ಮನೆಗಳ ಪಟ್ಟಿ ಮಾಡಿ, ಗುಳೆ ಹೊತ್ತಿಗೆ ಮಗುವನ್ನು ಅಜ್ಜಿ ಮನೆಯಲ್ಲಿ ಬಿಡಲಾದೀತೆ, ಋತುಮಾನದ ವಸತಿ ವ್ಯವಸ್ಥೆ ಕೇಳಬಹುದೆ ಎಂದು ಸಮಿತಿಯಲ್ಲಿ ಮಾತಾಡಿ, ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗೆ ಲಿಖಿತವಾಗಿ ಕೊಡಿ. ನಾಲೆ ಬದಿಯಲ್ಲಿ ನಡೆದು ಬರುವ ಮಕ್ಕಳಿದ್ದರೆ, ನೀರು ಬಿಡುವ ಮೊದಲೇ ದೊಡ್ಡ ಮಕ್ಕಳ ಜೊತೆ ಗುಂಪು ಮಾಡಿ ದಾರಿ ಗೊತ್ತುಮಾಡಿ.

ಓದುಗರಲ್ಲಿ ಒಂದು ವಿನಂತಿ. ಶಾಲೆ ಶುರುವಾಗಿ ತಿಂಗಳಾದರೂ ನಿಮ್ಮ ಬೀದಿಯ, ನಿಮ್ಮ ತೋಟದ ಮನೆಯ ಮಗುವೊಂದು ಶಾಲೆಗೆ ಹೋಗುತ್ತಿಲ್ಲವೆಂದರೆ ಮುಖ್ಯಶಿಕ್ಷಕರಿಗೆ ತಿಳಿಸಿ. ದುಡಿಮೆಗೆ ಹಚ್ಚಿದ್ದು ಕಂಡರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ದಾಖಲಾತಿಯ ಅವಧಿ ಮುಗಿದಿದೆ ಎಂಬ ಕಾರಣಕ್ಕೆ ಯಾವ ಮಗುವಿಗೂ ಪ್ರವೇಶ ನಿರಾಕರಿಸುವಂತಿಲ್ಲ. ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ ವರ್ಷದ ಯಾವ ತಿಂಗಳಲ್ಲಿ ಬಂದರೂ ಶಾಲೆ ಸೇರಿಸಿಕೊಳ್ಳಬೇಕು.